ಬಿಸಿಗಾಳಿ ಬಲೂನು: ಇನ್ನೂರನಲವತ್ತು ವರ್ಷಗಳ ಹಾರಾಟ ಕಲಿಸಿದ ಪಾಠಗಳು

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಶಾಲೆಯ ಒಂಬತ್ತನೇ ತರಗತಿಯ ಮಕ್ಕಳನ್ನು ಉತ್ಸವವೊಂದನ್ನು ತೋರಿಸಲು ಕರೆದುಕೊಂಡು ಹೋಗಿದ್ದೆ. ಮೈದಾನದ ಒಂದು ಮೂಲೆಯಲ್ಲಿ ಕೆಂಪು ಹಳದಿ ಪಟ್ಟೆಗಳ ದೊಡ್ಡ ಬಲೂನೊಂದು ನಿಂತಿತ್ತು. ಅದಕ್ಕೆ ಹಗ್ಗ ಕಟ್ಟಿ, ಬುಟ್ಟಿಯಲ್ಲಿ ನಾಲ್ಕೈದು ಜನರನ್ನು ನಿಲ್ಲಿಸಿ, ತೆಂಗಿನ ಮರದೆತ್ತರಕ್ಕೆ ಏರಿಸಿ ಐದು ನಿಮಿಷಗಳಲ್ಲಿ ಇಳಿಸುತ್ತಿದ್ದರು. ಮಕ್ಕಳೆಲ್ಲ ಓಡಿಹೋಗಿ ಸಾಲಿನಲ್ಲಿ ನಿಂತರು. ಬೆಳಗಿನ ಹತ್ತು ಗಂಟೆ ದಾಟಿತ್ತು. ಗಾಳಿ ಎದ್ದು ಬಲೂನು ಒಂದು ಬದಿಗೆ ವಾಲುತ್ತಿತ್ತು. ನನಗೇಕೋ ಮನಸ್ಸು ಒಪ್ಪಲಿಲ್ಲ. ‘ಬೇಡ, ಎಲ್ಲರೂ ಹಿಂದೆ ಬನ್ನಿ’ ಎಂದೆ. ಹುಡುಗಿಯೊಬ್ಬಳು ಕೇಳಿದಳು: ‘ಸರ್, ಹಗ್ಗ ಕಟ್ಟಿದ್ದಾರಲ್ಲ, ಏನಾಗುತ್ತೆ?’ ಅವಳ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ‘ನಾನು ಹೇಳಿದೆನಲ್ಲ’ ಎಂದು ಗದರಿ ಸುಮ್ಮನಾಗಿಸಿದೆ. ಶಿಕ್ಷಕರಾದ ನಮಗೆ ಈ ಗದರುವ ಅಭ್ಯಾಸ ಬಹಳ ಸುಲಭ. ಆದರೆ ಕಾರಣ ಹೇಳಲಾಗದ ಎಚ್ಚರಿಕೆಯನ್ನು ಮಕ್ಕಳು ಎಚ್ಚರಿಕೆ ಎಂದು ತಿಳಿಯುವುದಿಲ್ಲ, ಹೆದರಿಕೆ ಎಂದೇ ತಿಳಿಯುತ್ತಾರೆ. ಆ ಪ್ರಶ್ನೆ ನನ್ನನ್ನು ಬಲೂನಿನ ಇತಿಹಾಸದ ಓದಿಗೆ ಹಚ್ಚಿತು. ಈ ಲೇಖನ ಆ ಓದಿನ ಫಲ.

ಇಬ್ನ್ ಫಿರ್ನಾಸ್ ಮರೆತದ್ದೇನು?

ಹಾರಾಟದ ಮಾತು ಬಂದಾಗ ನಮ್ಮ ಸಭೆಗಳಲ್ಲಿ ಅಬ್ಬಾಸ್ ಇಬ್ನ್ ಫಿರ್ನಾಸ್‌ರ ಹೆಸರನ್ನು ಅಭಿಮಾನದಿಂದ ಹೇಳುತ್ತೇವೆ. ಒಂಬತ್ತನೇ ಶತಮಾನದ ಸ್ಪೇನಿನ ಕುರ್ತುಬಾ ನಗರದಲ್ಲಿದ್ದ ಈ ವಿದ್ವಾಂಸರು ಕವಿಯೂ ಹೌದು, ಗಾಜು ತಯಾರಿಕೆ, ಖಗೋಳ, ಯಂತ್ರಗಳಲ್ಲಿ ಪರಿಣತರೂ ಹೌದು. ಅವರು ಮೈಗೆ ಗರಿಗಳನ್ನು ಹೊದಿಸಿಕೊಂಡು, ರೆಕ್ಕೆ ಕಟ್ಟಿಕೊಂಡು ಎತ್ತರದ ಸ್ಥಳದಿಂದ ಗಾಳಿಗೆ ಧುಮುಕಿ ಸ್ವಲ್ಪ ದೂರ ತೇಲಿದರೆಂದು ಹದಿನೇಳನೇ ಶತಮಾನದ ಇತಿಹಾಸಕಾರ ಅಲ್ ಮಕ್ಕರಿ ದಾಖಲಿಸಿದ್ದಾರೆ. ಚಂದ್ರನ ಮೇಲಿನ ಒಂದು ಕುಳಿಗೆ ಇಂದು ಇಬ್ನ್ ಫಿರ್ನಾಸ್‌ರ ಹೆಸರಿದೆ.

ಆದರೆ ಆ ದಾಖಲೆಯ ಎರಡನೇ ಭಾಗವನ್ನು ನಾವು ಅಷ್ಟಾಗಿ ಹೇಳುವುದಿಲ್ಲ. ಇಳಿಯುವಾಗ ಅವರ ಬೆನ್ನಿಗೆ ಬಲವಾದ ಪೆಟ್ಟು ಬಿತ್ತು. ಹಕ್ಕಿ ಇಳಿಯುವುದು ಬಾಲದ ಸಹಾಯದಿಂದ, ಇವರು ಬಾಲವನ್ನೇ ಮಾಡಿಕೊಂಡಿರಲಿಲ್ಲ ಎಂದು ಅದೇ ದಾಖಲೆ ಕಾರಣ ಕೊಡುತ್ತದೆ. ಏರುವುದನ್ನು ಕಲಿತವನು ಇಳಿಯುವುದನ್ನೂ ಕಲಿತಿರಬೇಕು. ಮುಂದೆ ಬಲೂನಿನ ಇತಿಹಾಸ ಈ ಪಾಠವನ್ನೇ ಮತ್ತೆ ಮತ್ತೆ ಒತ್ತಿ ಹೇಳಿತು.

ಕುರಿ, ಬಾತುಕೋಳಿ ಮತ್ತು ಹುಂಜ

ಫ್ರಾನ್ಸಿನ ದಕ್ಷಿಣಕ್ಕಿರುವ ಆನೊನೆ ಎಂಬ ಊರಿನಲ್ಲಿ ಕಾಗದದ ಕಾರ್ಖಾನೆ ನಡೆಸುತ್ತಿದ್ದ ಕುಟುಂಬವೊಂದಿತ್ತು. ಆ ಮನೆಯ ಜೋಸೆಫ್ ಮತ್ತು ಎಟಿಯೆನ್ ಮಾಂಟ್‌ಗಾಲ್ಫಿಯರ್ ಸೋದರರು ಬಟ್ಟೆಯ ಒಳಗೆ ಕಾಗದ ಅಂಟಿಸಿ, ತುಂಡುಗಳನ್ನು ಗುಂಡಿಗಳಿಂದ ಜೋಡಿಸಿ ದೊಡ್ಡದೊಂದು ಗೋಳ ಮಾಡಿದರು. ಅದರ ಬಾಯಿಯ ಕೆಳಗೆ ಹುಲ್ಲು ಮತ್ತು ಉಣ್ಣೆಯನ್ನು ಸುಟ್ಟು 1783ರ ಜೂನ್ 4ರಂದು ಊರ ಚೌಕದಲ್ಲಿ ಜನರೆದುರು ಹಾರಿಬಿಟ್ಟರು. ಅದು ಸುಮಾರು ಹತ್ತು ನಿಮಿಷ ಗಾಳಿಯಲ್ಲಿದ್ದು ಎರಡು ಕಿಲೋಮೀಟರ್ ದೂರದಲ್ಲಿ ಇಳಿಯಿತು. ಬಲೂನನ್ನು ಮೇಲೆತ್ತುವುದು ಹೊಗೆ ಎಂದು ಆ ಸೋದರರು ನಂಬಿದ್ದರು. ಹೊಗೆಯಲ್ಲ, ಬಿಸಿಯಾಗಿ ಹಗುರಾದ ಗಾಳಿಯೇ ಅದನ್ನು ಎತ್ತುತ್ತದೆ ಎಂಬುದು ನಂತರ ಸ್ಪಷ್ಟವಾಯಿತು.

ಅದೇ ವರ್ಷ ಸೆಪ್ಟೆಂಬರ್ 19ರಂದು ವರ್ಸೈಲ್ಸ್ ಅರಮನೆಯ ಮುಂದೆ ದೊರೆ ಹದಿನಾರನೇ ಲೂಯಿ ಮತ್ತು ರಾಣಿ ಮಾರಿ ಆಂಟೊನೆಟ್‌ರ ಎದುರು ಇನ್ನೊಂದು ಪ್ರಯೋಗ ನಡೆಯಿತು. ಮೇಲಿನ ಗಾಳಿಯನ್ನು ಜೀವಿಗಳು ಉಸಿರಾಡಬಲ್ಲವೇ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಆದ್ದರಿಂದ ಒಂದು ಕುರಿ, ಒಂದು ಬಾತುಕೋಳಿ, ಒಂದು ಹುಂಜವನ್ನು ಬುಟ್ಟಿಯಲ್ಲಿಟ್ಟು ಕಳಿಸಿದರು. ಎಂಟು ನಿಮಿಷಗಳ ನಂತರ ಮೂರೂ ಜೀವಂತವಾಗಿ ಇಳಿದವು. ಹುಂಜದ ರೆಕ್ಕೆಗೆ ಮಾತ್ರ ಗಾಯವಾಗಿತ್ತು. ಅದು ಹಾರಾಟದ ದೋಷವಲ್ಲ, ಹೊರಡುವ ಮೊದಲು ಕುರಿ ಒದ್ದದ್ದು ಎಂದು ತೀರ್ಮಾನಿಸಿದರು. ಬುಟ್ಟಿಯಲ್ಲಿ ಜೊತೆಗಿರುವವರು ಹೇಗಿರಬೇಕೆಂಬ ಪಾಠವೂ ಇದರಲ್ಲಿದೆ ಎಂದು ನಾನು ತರಗತಿಯಲ್ಲಿ ಹೇಳಿದಾಗ ಮಕ್ಕಳು ನಕ್ಕದ್ದುಂಟು.

ಮುಂದಿನ ಸರದಿ ಮನುಷ್ಯನದು. ಯಾರನ್ನು ಕಳಿಸುವುದು? ಸೆರೆಮನೆಯ ಕೈದಿಗಳನ್ನು ಕಳಿಸಬಹುದೆಂಬುದು ದೊರೆಯ ಮೊದಲ ಆಲೋಚನೆ. ಬದುಕಿದರೆ ಬಿಡುಗಡೆ, ಸತ್ತರೆ ಹೇಗೂ ಕೈದಿ. ಆದರೆ ಪಿಲಾಟ್ರ್ ದ ರೋಜಿಯೆ ಎಂಬ ಯುವ ವಿಜ್ಞಾನಿ ಆ ಗೌರವ ತನ್ನದಾಗಲೆಂದು ಮುಂದೆ ಬಂದನು. ಸೈನ್ಯಾಧಿಕಾರಿ ಮಾರ್ಕ್ವಿಸ್ ದಾರ್ಲಾಂದ್ ಅವನ ಜೊತೆಯಾದನು. ನವೆಂಬರ್ 21ರಂದು ಇಬ್ಬರೂ ಪ್ಯಾರಿಸ್ಸಿನ ಮೇಲೆ ಸುಮಾರು ಇಪ್ಪತ್ತೈದು ನಿಮಿಷ ತೇಲಿದರು. ಹಾರುತ್ತಿರುವಾಗಲೇ ಕಿಡಿಗಳು ಬಲೂನಿನ ಬಟ್ಟೆಯನ್ನು ಅಲ್ಲಲ್ಲಿ ಸುಡತೊಡಗಿದವು. ಅವರು ಒದ್ದೆ ಸ್ಪಂಜನ್ನು ಮೊದಲೇ ಜೊತೆಗೆ ಒಯ್ದಿದ್ದರು, ಅದರಿಂದ ಬೆಂಕಿಯನ್ನು ಆರಿಸಿದರು. ಹಾರಾಟದ ಚರಿತ್ರೆಯ ಮೊಟ್ಟಮೊದಲ ಸುರಕ್ಷಾ ಸಾಧನ ಒಂದು ಬಕೆಟ್ ನೀರು ಮತ್ತು ಸ್ಪಂಜು ಎಂದರೆ ತಪ್ಪಾಗಲಾರದು.

ಒಬ್ಬನು ಇಳಿದಾಗ ಏನಾಗುತ್ತದೆ?

ಹತ್ತೇ ದಿನಗಳ ನಂತರ, 1783ರ ಡಿಸೆಂಬರ್ 1ರಂದು ಅದೇ ಪ್ಯಾರಿಸ್ಸಿನಿಂದ ಜಾಕ್ ಚಾರ್ಲ್ಸ್ ಹೈಡ್ರೋಜನ್ ತುಂಬಿದ ಬಲೂನಿನಲ್ಲಿ ಹಾರಿದರು. ಅನಿಲಗಳ ನಿಯಮದ ಪಾಠದಲ್ಲಿ ಬರುವ ಚಾರ್ಲ್ಸ್ ಇವರೇ. ಅವರ ಬಲೂನಿನ ನೆತ್ತಿಯಲ್ಲಿ ಅನಿಲ ಬಿಡುವ ಕವಾಟವಿತ್ತು. ಭಾರ ಇಳಿಸಲು ಮರಳಿನ ಚೀಲಗಳು, ಎತ್ತರ ತಿಳಿಯಲು ವಾಯುಭಾರಮಾಪಕ ಇದ್ದವು. ಎರಡು ಗಂಟೆ ಹಾರಿ ಸುಖವಾಗಿ ಇಳಿದ ಮೇಲೆ ಜೊತೆಗಾರ ರಾಬರ್ಟ್ ಬುಟ್ಟಿಯಿಂದ ಕೆಳಗಿಳಿದರು. ಒಬ್ಬ ಮನುಷ್ಯನ ಭಾರ ಕಡಿಮೆಯಾದ ಬಲೂನು ಚಾರ್ಲ್ಸ್‌ರನ್ನು ಹೊತ್ತು ಸುಮಾರು ಮೂರು ಸಾವಿರ ಮೀಟರ್ ಎತ್ತರಕ್ಕೆ ಭರದಿಂದ ಏರಿತು. ಕಿವಿಯಲ್ಲಿ ಸಹಿಸಲಾಗದ ನೋವು ಕಾಣಿಸಿಕೊಂಡಿತು. ಅವರು ಮತ್ತೆಂದೂ ಬಲೂನು ಹತ್ತಲಿಲ್ಲ.

ಈ ಘಟನೆಯನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ಬಲೂನು ಬಸ್ಸಿನಂತಲ್ಲ. ಬಸ್ಸಿನಿಂದ ಒಬ್ಬರು ಇಳಿದರೆ ಉಳಿದವರಿಗೆ ಜಾಗವಾಗುತ್ತದೆ. ಬಲೂನಿನಿಂದ ಒಬ್ಬರು ಅಪ್ಪಣೆಯಿಲ್ಲದೆ ಇಳಿದರೆ ಉಳಿದವರು ಆಕಾಶಕ್ಕೆ ಹೋಗುತ್ತಾರೆ. ಇನ್ನೂರಮೂವತ್ತು ವರ್ಷಗಳ ನಂತರ, 2013ರ ಫೆಬ್ರವರಿ 26ರಂದು ಮೂಸಾ ಅಲೈಹಿಸ್ಸಲಾಮರ ನಾಡಾದ ಈಜಿಪ್ಟಿನ ಲಕ್ಸರ್‌ನಲ್ಲಿ ಇದೇ ನಿಯಮ ಭೀಕರವಾಗಿ ಕೆಲಸ ಮಾಡಿತು. ಬಲೂನು ನೆಲ ಮುಟ್ಟುವ ಹೊತ್ತಿಗೆ ಇಂಧನದ ಕೊಳವೆಯಿಂದ ಅನಿಲ ಸೋರಿ ಬೆಂಕಿ ಹತ್ತಿತು. ಬೆಂಕಿ ಹತ್ತಿದ ಚಾಲಕ ಹಾಗೂ ಒಬ್ಬ ಪ್ರಯಾಣಿಕ ಹೊರಕ್ಕೆ ಧುಮುಕಿ ಉಳಿದುಕೊಂಡರು. ಹಗುರಾದ ಬಲೂನು ಉಳಿದವರೊಂದಿಗೆ ಮೇಲೇರಿ, ಉರಿದು ಬಿದ್ದಿತು. 21 ಜನರಲ್ಲಿ 19 ಜನ ಸತ್ತರು. 2025ರ ಜೂನ್ 21ರಂದು ಬ್ರೆಜಿಲ್‌ನ ಪ್ರಾಯ ಗ್ರಾಂಡೆಯಲ್ಲಿಯೂ ಹಾಗೆಯೇ ಆಯಿತು. ಬುಟ್ಟಿಯೊಳಗೆ ಬೆಂಕಿ ಹತ್ತಿ, ಬಲೂನು ನೆಲದ ಹತ್ತಿರ ಬಂದಾಗ ಚಾಲಕನೂ ಸೇರಿ 13 ಜನ ಹಾರಿಕೊಂಡರು. ಉಳಿದ ಎಂಟು ಜನರನ್ನು ಹೊತ್ತು ಬಲೂನು ಮತ್ತೆ ಮೇಲೆ ಹೋಯಿತು. ಅವರಲ್ಲಿ ಒಬ್ಬರೂ ಬದುಕಲಿಲ್ಲ. ಬೆಂಕಿಯಿಂದ ಹಾರಿಕೊಂಡವರನ್ನು ದೂಷಿಸುವ ಅಧಿಕಾರ ನಮಗಿಲ್ಲ. ಇಂಧನದ ಕೊಳವೆ ಗಟ್ಟಿಯಾಗಿರುವುದು, ಬೆಂಕಿ ಆರಿಸುವ ಸಾಧನ ಕೆಲಸ ಮಾಡುವ ಸ್ಥಿತಿಯಲ್ಲಿರುವುದು ಎಷ್ಟು ಮುಖ್ಯವೆಂಬುದನ್ನು ಮಾತ್ರ ನಾವು ಅರಿಯಬೇಕು. ರೋಜಿಯೆಯ ಸ್ಪಂಜು ಇಂದಿಗೂ ಹಳತಾಗಿಲ್ಲ.

ಮೊದಲ ಕಾನೂನು, ಮೊದಲ ಸಾವು

ಬಲೂನಿನ ಹುಚ್ಚು ಪ್ಯಾರಿಸ್ಸಿನಲ್ಲಿ ಎಷ್ಟು ಹಬ್ಬಿತೆಂದರೆ, 1784ರ ಏಪ್ರಿಲ್‌ನಲ್ಲಿ ಅಲ್ಲಿನ ಪೊಲೀಸ್ ಮುಖ್ಯಸ್ಥ ಲೆನ್ವಾ ಅನುಮತಿಯಿಲ್ಲದೆ ಬಲೂನು ಹಾರಿಸಬಾರದೆಂದು ಆಜ್ಞೆ ಹೊರಡಿಸಿದರು. ಬೆಂಕಿ ಹೊತ್ತ ಬಲೂನು ಮನೆ, ಹುಲ್ಲಿನ ಬಣವೆಗಳ ಮೇಲೆ ಬಿದ್ದರೆ ಗತಿಯೇನು ಎಂಬುದೇ ಇದಕ್ಕೆ ಕಾರಣ. ಹಾರಾಟವನ್ನು ಕುರಿತ ಜಗತ್ತಿನ ಮೊದಲ ಕಾನೂನು ಎಂದು ಇದನ್ನು ಗುರುತಿಸುತ್ತಾರೆ. ಆ ಭಯ ಸುಳ್ಳಲ್ಲವೆಂದು 1785ರ ಮೇ 10ರಂದು ಐರ್ಲೆಂಡಿನ ತುಲ್ಲಮೋರ್ ಪಟ್ಟಣದಲ್ಲಿ ಸಾಬೀತಾಯಿತು. ಬಲೂನೊಂದು ಹೊತ್ತಿಸಿದ ಬೆಂಕಿಗೆ ಅಲ್ಲಿ ಸುಮಾರು ನೂರು ಮನೆಗಳು ಸುಟ್ಟುಹೋದವು.

ಮುಂದಿನ ತಿಂಗಳೇ, ಜೂನ್ 15ರಂದು, ಮೊದಲು ಹಾರಿದ ರೋಜಿಯೆಯೇ ಮೊದಲು ಸತ್ತನು. ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಲೆಂದು ಅವನು ಹೈಡ್ರೋಜನ್ ಬಲೂನಿನ ಕೆಳಗೆ ಬಿಸಿಗಾಳಿಯ ಬಲೂನನ್ನು ಜೋಡಿಸಿದ್ದನು. ಅಂದರೆ ಮೇಲೆ ಥಟ್ಟನೆ ಹೊತ್ತಿಕೊಳ್ಳುವ ಅನಿಲ, ಕೆಳಗೆ ಉರಿಯುವ ಬೆಂಕಿ. ಫ್ರಾನ್ಸಿನ ಬೂಲೋನ್ ಬಳಿ ಬಲೂನು ಬಿದ್ದು ಅವನೂ, ಜೊತೆಗಾರ ರೊಮೇನ್ ಕೂಡ ತೀರಿಕೊಂಡರು. ಧೈರ್ಯದಲ್ಲಿ ಅವನಿಗೆ ಸಮಾನರಿರಲಿಲ್ಲ, ಆದರೆ ಧೈರ್ಯವು ವಸ್ತುಗಳ ಗುಣವನ್ನು ಬದಲಿಸುವುದಿಲ್ಲ. 1819ರ ಜುಲೈ 6ರಂದು ಪ್ಯಾರಿಸ್ಸಿನಲ್ಲಿ ಸೋಫಿ ಬ್ಲಾಂಷಾರ್ ಎಂಬ ಪ್ರಸಿದ್ಧ ಮಹಿಳೆ ಹೈಡ್ರೋಜನ್ ಬಲೂನಿನಲ್ಲಿ ಕುಳಿತು ಪಟಾಕಿ ಹೊತ್ತಿಸುವ ಪ್ರದರ್ಶನ ನೀಡುತ್ತಿದ್ದಾಗ ಅನಿಲಕ್ಕೆ ಬೆಂಕಿ ತಗುಲಿ, ಬಲೂನು ಮನೆಯ ಮಾಡಿನ ಮೇಲೆ ಬಿದ್ದು ಮರಣ ಹೊಂದಿದರು. ನೆರೆದ ಜನರನ್ನು ಮೆಚ್ಚಿಸಬೇಕೆಂಬ ಹಂಬಲವೂ ಒಂದು ಅಪಾಯವೇ.

ನಮ್ಮ ನೆಲದಲ್ಲಿ

ಪ್ಯಾರಿಸ್ಸಿನ ಸುದ್ದಿ ಬೇಗನೆ ಹಿಂದುಸ್ತಾನವನ್ನೂ ಮುಟ್ಟಿತು. ಅವಧದ ನವಾಬ ಆಸಫುದ್ದೌಲಾರ ಕಾಲದಲ್ಲಿ ಲಖನೌದಲ್ಲಿದ್ದ ಫ್ರೆಂಚ್ ಮೂಲದ ಕ್ಲಾಡ್ ಮಾರ್ಟಿನ್ ಬಿಸಿಗಾಳಿ ಬಲೂನುಗಳನ್ನು ಮಾಡಿ ಹಾರಿಸಿದರು. ಇವರು ಬಿಟ್ಟುಹೋದ ಆಸ್ತಿಯಿಂದಲೇ ಲಖನೌ, ಕಲ್ಕತ್ತಾ ಮತ್ತು ಫ್ರಾನ್ಸಿನ ಲಿಯೋನ್‌ಗಳಲ್ಲಿ ಲಾ ಮಾರ್ಟಿನಿಯರ್ ಶಾಲೆಗಳು ಸ್ಥಾಪನೆಯಾದವು. ಬಲೂನನ್ನು ಕಂಡು ಸಂತೋಷಗೊಂಡ ನವಾಬರು ಇಪ್ಪತ್ತು ಜನರನ್ನು ಹೊತ್ತು ಹಾರುವಂಥದ್ದನ್ನು ಮಾಡಿಕೊಡಲು ಕೇಳಿದರಂತೆ. ಹಾಗೆ ಮಾಡಿದರೆ ಆ ಜನರ ಪ್ರಾಣಕ್ಕೆ ಅಪಾಯವೆಂದು ಮಾರ್ಟಿನ್ ಹೇಳಿದಾಗ, ಅದರ ಚಿಂತೆ ನಿಮಗೆ ಬೇಡ ಎಂದು ನವಾಬರು ಉತ್ತರಿಸಿದರೆಂಬ ಕತೆ ಉಳಿದುಬಂದಿದೆ. ಫ್ರಾನ್ಸಿನ ದೊರೆಗೆ ಕೈದಿಗಳು, ಅವಧದ ನವಾಬರಿಗೆ ಇಪ್ಪತ್ತು ಆಳುಗಳು. ಅಪಾಯ ಬಂದಾಗ ಬುಟ್ಟಿಯಲ್ಲಿ ಯಾರನ್ನು ನಿಲ್ಲಿಸುತ್ತೇವೆ ಎಂಬುದರಲ್ಲಿ ಒಂದು ಸಮಾಜ ಜೀವಕ್ಕೆ ಕಟ್ಟುವ ಬೆಲೆ ತಿಳಿಯುತ್ತದೆ.

1889ರಲ್ಲಿ ಕಲ್ಕತ್ತಾದಲ್ಲಿ ರಾಮಚಂದ್ರ ಚಟರ್ಜಿಯವರು ಇಂಗ್ಲೆಂಡಿನ ಪರ್ಸಿವಲ್ ಸ್ಪೆನ್ಸರ್‌ರಿಂದ ಕಲಿತು ಒಬ್ಬರೇ ಬಲೂನಿನಲ್ಲಿ ಹಾರಿದ ಮೊದಲ ಭಾರತೀಯರಾದರು. ಮೂರು ವರ್ಷಗಳ ನಂತರ, 1892ರಲ್ಲಿ ಢಾಕಾದ ನವಾಬ ಅಹ್ಸಾನುಲ್ಲಾರ ಆಹ್ವಾನದ ಮೇಲೆ ಅಮೆರಿಕದ ವ್ಯಾನ್ ಟ್ಯಾಸೆಲ್ ತಂಡ ಅಲ್ಲಿಗೆ ಬಂದಿತು. ಜೀನೆಟ್ ಎಂಬ ಯುವತಿ ಬಿಸಿಗಾಳಿ ಬಲೂನಿನಲ್ಲಿ ಏರಿ, ಅಲ್ಲಿಂದ ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿದರು. ಗಾಳಿ ಅವರನ್ನು ಗುರಿಯಿಂದ ದೂರ ಒಯ್ದು ಎತ್ತರದ ಮರವೊಂದರಲ್ಲಿ ಸಿಕ್ಕಿಸಿತು. ಅಲ್ಲಿಯವರೆಗೆ ಅವರು ಕ್ಷೇಮವಾಗಿಯೇ ಇದ್ದರು. ಬಿದಿರಿನ ಗಳಗಳನ್ನು ಒಂದಕ್ಕೊಂದು ಕಟ್ಟಿ ಅವರನ್ನು ಇಳಿಸಲು ಯತ್ನಿಸಿದಾಗ ಆಸರೆ ತಪ್ಪಿ ಬಿದ್ದು, ಕೆಲವು ದಿನಗಳಲ್ಲಿ ತೀರಿಕೊಂಡರು. ಗಾಳಿ ಎಲ್ಲಿಗೆ ಒಯ್ದರೂ ಹಿಂಬಾಲಿಸಿ ಬಂದು ಸರಿಯಾಗಿ ಇಳಿಸಿಕೊಳ್ಳುವ ತಂಡ ನೆಲದ ಮೇಲಿರಬೇಕು. ಇಂದು ಪ್ರತಿ ಬಲೂನಿನ ಹಿಂದೆ ಒಂದು ಜೀಪು ಓಡುವುದು ಇದಕ್ಕಾಗಿಯೇ.

ಹೊಸ ಬಲೂನು, ಹಳೆಯ ಗಾಳಿ

ಹತ್ತೊಂಬತ್ತನೇ ಶತಮಾನದಲ್ಲಿ ಅನಿಲದ ಬಲೂನುಗಳೇ ಹೆಚ್ಚಾಗಿ, ಬಿಸಿಗಾಳಿಯದು ಜಾತ್ರೆಯ ಪ್ರದರ್ಶನವಾಗಿ ಉಳಿಯಿತು. 1960ರ ಅಕ್ಟೋಬರ್ 22ರಂದು ಅಮೆರಿಕದ ನೆಬ್ರಾಸ್ಕದಲ್ಲಿ ಎಡ್ ಯೋಸ್ಟ್ ಅದಕ್ಕೆ ಮರುಜೀವ ಕೊಟ್ಟರು. ಕಾಗದದ ಬದಲು ನೈಲಾನ್ ಬಟ್ಟೆ, ಹುಲ್ಲಿನ ಬದಲು ಬೇಕಾದಾಗ ಹೊತ್ತಿಸಿ ನಿಲ್ಲಿಸಬಹುದಾದ ಪ್ರೊಪೇನ್ ಅನಿಲದ ಬರ್ನರ್. ಇಂದು ಕಾಣುವ ಬಲೂನುಗಳೆಲ್ಲ ಇದರ ಸಂತಾನ. ನಮ್ಮ ದೇಶದ ವಿಜಯಪತ್ ಸಿಂಘಾನಿಯಾ 2005ರ ನವೆಂಬರ್ 26ರಂದು ಮುಂಬಯಿಯಿಂದ ಹೊರಟು 21 ಸಾವಿರ ಮೀಟರಿಗೂ ಮೇಲೇರಿ ವಿಶ್ವದಾಖಲೆ ಮಾಡಿದ್ದು ಇಂಥ ಬಲೂನಿನಲ್ಲೇ. ಆಗ ಅವರಿಗೆ 67 ವರ್ಷ. ಅಷ್ಟು ಎತ್ತರದಲ್ಲಿ ಉಸಿರಾಡಲಾಗದು, ಆದ್ದರಿಂದ ಬುಟ್ಟಿಯ ಬದಲು ಮುಚ್ಚಿದ ಕೋಣೆಯಲ್ಲಿ ಕುಳಿತಿದ್ದರು. ವಯಸ್ಸೊಂದೇ ಯೋಗ್ಯತೆಯನ್ನು ತೀರ್ಮಾನಿಸುವುದಿಲ್ಲ, ಸಿದ್ಧತೆ ತೀರ್ಮಾನಿಸುತ್ತದೆ ಎಂಬುದಕ್ಕೆ ಅವರು ಸಾಕ್ಷಿ.

ಬಲೂನು ಬದಲಾಯಿತು, ಗಾಳಿ ಬದಲಾಗಲಿಲ್ಲ. ಒಂದು ಸಣ್ಣ ಲೆಕ್ಕ ನೋಡೋಣ. ಸಮುದ್ರಮಟ್ಟದಲ್ಲಿ 15 ಡಿಗ್ರಿ ಸೆಲ್ಸಿಯಸ್‌ನ ಒಂದು ಘನ ಮೀಟರ್ ಗಾಳಿ ಸುಮಾರು 1.22 ಕಿಲೋಗ್ರಾಂ ತೂಗುತ್ತದೆ. ಅದನ್ನು 100 ಡಿಗ್ರಿಗೆ ಕಾಯಿಸಿದರೆ ಸುಮಾರು 0.94 ಕಿಲೋಗ್ರಾಂ. ವ್ಯತ್ಯಾಸ 280 ಗ್ರಾಂ. 3000 ಘನ ಮೀಟರಿನ ಬಲೂನು 840 ಕಿಲೋಗ್ರಾಂ ಎತ್ತಬಲ್ಲದು. ಬಟ್ಟೆ, ಬುಟ್ಟಿ, ಬರ್ನರ್, ಸಿಲಿಂಡರ್, ಜನ ಎಲ್ಲವೂ ಇದರೊಳಗೆ ಬರಬೇಕು. ಹೊರಗಿನ ಗಾಳಿ 30 ಡಿಗ್ರಿಗೆ ಬಿಸಿಯಾದರೆ ವ್ಯತ್ಯಾಸ 220 ಗ್ರಾಂಗೆ ಇಳಿದು, ಅದೇ ಬಲೂನು 660 ಕಿಲೋಗ್ರಾಂ ಮಾತ್ರ ಎತ್ತುತ್ತದೆ. ಅಂದರೆ ಮೂವರು ದೊಡ್ಡವರ ಭಾರ ಕಡಿಮೆ. ಹತ್ತುವ ಮೊದಲು ಪ್ರತಿಯೊಬ್ಬರ ತೂಕ ಕೇಳುವುದು ಅವಮಾನಿಸಲು ಅಲ್ಲ, ಈ ಲೆಕ್ಕಕ್ಕಾಗಿ.

ಬಲೂನಿಗೆ ಚುಕ್ಕಾಣಿಯೂ ಇಲ್ಲ, ಬ್ರೇಕೂ ಇಲ್ಲ. ಚಾಲಕನ ಕೈಯಲ್ಲಿರುವುದು ಏರಿಳಿತ ಮಾತ್ರ. ಬೇರೆ ಬೇರೆ ಎತ್ತರದಲ್ಲಿ ಬೇರೆ ದಿಕ್ಕಿಗೆ ಬೀಸುವ ಗಾಳಿಯನ್ನು ಹುಡುಕಿಕೊಂಡು ಅವನು ಸಾಗಬೇಕು. ಬಿಸಿಲೇರಿದಂತೆ ನೆಲ ಕಾದು ಬಿಸಿಗಾಳಿಯ ಕಂಬಗಳು ಮೇಲೇಳುತ್ತವೆ, ಬಲೂನು ಹಿಡಿತ ತಪ್ಪುತ್ತದೆ. ಆದ್ದರಿಂದ ಸೂರ್ಯೋದಯದ ನಂತರದ ಒಂದೆರಡು ಗಂಟೆ, ಇಲ್ಲವೇ ಸೂರ್ಯಾಸ್ತದ ಮುಂಚಿನ ಹೊತ್ತು ಮಾತ್ರ ಸೂಕ್ತ.

ಇನ್ನು ಹಗ್ಗದ ಪ್ರಶ್ನೆ. ಗಾಳಿಯ ಜೊತೆ ತೇಲುವ ಬಲೂನಿಗೆ ಗಾಳಿಯ ಹೊಡೆತ ತಿಳಿಯುವುದೇ ಇಲ್ಲ. ಬುಟ್ಟಿಯಲ್ಲಿ ಬೀಸಣಿಗೆಯಷ್ಟೂ ಗಾಳಿ ಮುಖಕ್ಕೆ ತಾಗುವುದಿಲ್ಲ. ಹಗ್ಗ ಕಟ್ಟಿದ ಬಲೂನು ಹಾಗಲ್ಲ. ಅದು ಗಾಳಿಯ ಜೊತೆ ಹೋಗಲಾರದು, ಆದ್ದರಿಂದ ಗಾಳಿ ಅದನ್ನು ಹಡಗಿನ ಹಾಯಿಯಂತೆ ತಳ್ಳುತ್ತದೆ. ಬಲೂನು ವಾಲುತ್ತದೆ, ಬುಟ್ಟಿ ಜಗ್ಗುತ್ತದೆ, ಬರ್ನರಿನ ಜ್ವಾಲೆ ಬಟ್ಟೆಯ ಕಡೆ ತಿರುಗುತ್ತದೆ. ಹಾಗಾಗಿ ಹಗ್ಗದ ಬಲೂನಿಗೆ ಗಾಳಿ ಇನ್ನೂ ಶಾಂತವಾಗಿರಬೇಕು. ಹಗ್ಗ ಕಂಡೊಡನೆ ಭಯವಿಲ್ಲ ಎಂದು ನಾವು ತಿಳಿಯುತ್ತೇವೆ. ವಾಸ್ತವ ಇದಕ್ಕೆ ವಿರುದ್ಧ.

ಅಪಘಾತಗಳು ಬರೆದ ನಿಯಮಗಳು

1989ರ ಆಗಸ್ಟ್ 13ರಂದು ಆಸ್ಟ್ರೇಲಿಯದ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಎರಡು ಬಲೂನುಗಳು ಡಿಕ್ಕಿಯಾಗಿ ಒಂದು ಹರಿದು ಬಿದ್ದು 13 ಜನ ಸತ್ತರು. ಕೆಳಗಿನ ಚಾಲಕನಿಗೆ ತನ್ನ ಬಲೂನೇ ಅಡ್ಡವಾಗಿ ಮೇಲಿನದು ಕಾಣುವುದಿಲ್ಲ. ಆದ್ದರಿಂದ ದಾರಿ ಬಿಡಬೇಕಾದವನು ಮೇಲಿರುವವನೇ. ಈ ನಿಯಮ ಆಕಾಶಕ್ಕೆ ಮಾತ್ರ ಸೀಮಿತವಾಗಬೇಕಿಲ್ಲ ಎಂದು ನನಗನಿಸುತ್ತದೆ.

2012ರ ಜನವರಿ 7ರಂದು ನ್ಯೂಜಿಲೆಂಡಿನ ಕಾರ್ಟರ್‌ಟನ್ ಬಳಿ ಬಲೂನು ವಿದ್ಯುತ್ ತಂತಿಗೆ ಸಿಕ್ಕಿ ಬುಟ್ಟಿಯಲ್ಲಿದ್ದ 11 ಜನರೂ ಸತ್ತರು. ತಂತಿ ಕಂಡಾಗ ಮೇಲೇರಿ ತಪ್ಪಿಸಿಕೊಳ್ಳಲು ಚಾಲಕ ಯತ್ನಿಸಿದ್ದನು. ತಂತಿ ತೀರಾ ಹತ್ತಿರವಾದಾಗ ಏರುವುದಕ್ಕಿಂತ ತಕ್ಷಣ ಇಳಿಯುವುದೇ ಲೇಸು. ಅವನ ದೇಹದಲ್ಲಿ ಗಾಂಜಾದ ಅಂಶ ಇದ್ದುದು ತನಿಖೆಯಲ್ಲಿ ತಿಳಿಯಿತು. 2016ರ ಜುಲೈ 30ರಂದು ಅಮೆರಿಕದ ಟೆಕ್ಸಾಸ್‌ನ ಲಾಕ್‌ಹಾರ್ಟ್‌ನಲ್ಲಿ ಮಂಜು ಮೋಡಗಳ ನಡುವೆ ಹಾರಿದ ಬಲೂನು ವಿದ್ಯುತ್ ತಂತಿಗೆ ತಗುಲಿ 16 ಜನ ಅಸುನೀಗಿದರು. ವಿಮಾನದ ಚಾಲಕರಿಗೆ ವೈದ್ಯಕೀಯ ಪ್ರಮಾಣಪತ್ರ ಕಡ್ಡಾಯವಾಗಿದ್ದರೂ, ಹಣ ಪಡೆದು ಜನರನ್ನು ಒಯ್ಯುವ ಬಲೂನು ಚಾಲಕರಿಗೆ ಅಲ್ಲಿ ಅದರಿಂದ ವಿನಾಯಿತಿ ಇತ್ತು. ಈ ವಿನಾಯಿತಿಯನ್ನು ತೆಗೆಯಬೇಕೆಂದು 2018ರಲ್ಲಿ ಕಾಯಿದೆಯಾಗಿ, 2022ರಲ್ಲಿ ನಿಯಮ ಹೊರಬಿತ್ತು. 16 ಜೀವಗಳು ಹೋದ ಮೇಲೆ ಆರು ವರ್ಷ!

ಟರ್ಕಿಯ ಕಪದೋಕ್ಯದಲ್ಲಿ ಇನ್ನೊಂದು ಒಳ್ಳೆಯ ಪದ್ಧತಿಯಿದೆ. ಅಲ್ಲಿ ಹಾರಬೇಕೋ ಬೇಡವೋ ಎಂಬುದನ್ನು ಟಿಕೆಟ್ ಮಾರುವವರು ತೀರ್ಮಾನಿಸುವುದಿಲ್ಲ. ಹವಾಮಾನ ನೋಡಿ ಸರ್ಕಾರದ ವಿಮಾನಯಾನ ಇಲಾಖೆ ತಿಳಿಸುತ್ತದೆ. ಹಸಿರು ಬಾವುಟ ಎಂದರೆ ಹಾರಬಹುದು, ಹಳದಿ ಎಂದರೆ ಕಾಯಬೇಕು, ಕೆಂಪು ಎಂದರೆ ಇಲ್ಲ. ಹಣ ಪಡೆಯುವವನ ಕೈಗೂ, ‘ಬೇಡ’ ಎನ್ನುವವನ ಕೈಗೂ ನಡುವೆ ಅಂತರವಿರಬೇಕು ಎಂಬುದೇ ಇದರ ತಿರುಳು.

ಯಾರು ಹತ್ತಬಹುದು, ಯಾರು ಹತ್ತಬಾರದು?

ನಮ್ಮ ದೇಶದಲ್ಲಿಯೂ ಅಲ್ಲಲ್ಲಿ ಬಲೂನು ಉತ್ಸವಗಳು ನಡೆಯುತ್ತಿರುವುದರಿಂದ ಕೆಲವು ಮಾತುಗಳನ್ನು ಕ್ರಮವಾಗಿ ಹೇಳುತ್ತೇನೆ.

1. ಬಲೂನಿನಲ್ಲಿ ಸಾಮಾನ್ಯವಾಗಿ ಆಸನಗಳಿಲ್ಲ. ಸುಮಾರು ಒಂದು ಗಂಟೆ ನಿಂತೇ ಇರಬೇಕು, ಎದೆಯೆತ್ತರದ ಬುಟ್ಟಿಯನ್ನು ಹತ್ತಿ ಇಳಿಯಬೇಕು. ಮೊಣಕಾಲು, ಬೆನ್ನುಮೂಳೆಯ ತೊಂದರೆ ಇರುವವರು, ಮೂಳೆ ಸವೆದ ಹಿರಿಯರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು ಹತ್ತಬಾರದು.

2. ಗರ್ಭಿಣಿಯರು ಹತ್ತಲೇಬಾರದು. ಇಳಿಯುವಾಗ ಬುಟ್ಟಿ ನೆಲಕ್ಕೆ ಬಡಿದು, ಕೆಲವೊಮ್ಮೆ ಮಗುಚಿ, ಸ್ವಲ್ಪ ದೂರ ಎಳೆದುಕೊಂಡು ಹೋಗುವುದುಂಟು.

3. ಬುಟ್ಟಿಯ ಅಂಚಿನ ಮೇಲಿಂದ ನೋಡಲಾಗದಷ್ಟು ಚಿಕ್ಕ ಮಕ್ಕಳನ್ನು, ಹೇಳಿದ ಮಾತನ್ನು ಕೇಳಿ ಪಾಲಿಸಲಾರದ ವಯಸ್ಸಿನವರನ್ನು ಒಯ್ಯಬಾರದು. ಎತ್ತಿಕೊಂಡು ನಿಲ್ಲುತ್ತೇನೆ ಎನ್ನುವ ಹಾಗಿಲ್ಲ. ಇಳಿಯುವಾಗ ಎರಡೂ ಕೈ ಒಳಗಿನ ಹಿಡಿಕೆಯ ಮೇಲಿರಬೇಕು.

4. ಹೃದಯದ ಕಾಯಿಲೆ, ಅಪಸ್ಮಾರ, ಉಬ್ಬಸ ಇರುವವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಶೀತದಿಂದ ಕಿವಿ ಕಟ್ಟಿದ್ದರೆ ಚಾರ್ಲ್ಸ್‌ರ ಅನುಭವ ನೆನಪಿರಲಿ. ಸಕ್ಕರೆ ಕಾಯಿಲೆಯವರು ಬರಿಹೊಟ್ಟೆಯಲ್ಲಿ ಹೋಗಬಾರದು. ರೋಜಾ ಇರುವವರು ಈ ಸವಾರಿಯನ್ನು ರಮಝಾನ್ ಮುಗಿದ ಮೇಲೆ ಇಟ್ಟುಕೊಂಡರೆ ಒಳ್ಳೆಯದು.

5. ತಲೆಯ ಮೇಲೆಯೇ ಬರ್ನರ್ ಉರಿಯುತ್ತದೆ. ಹತ್ತಿಯ ಬಟ್ಟೆ, ಮುಚ್ಚಿದ ಚಪ್ಪಟೆ ಶೂ ಸೂಕ್ತ. ನಮ್ಮ ಹೆಣ್ಣುಮಕ್ಕಳು ಹತ್ತಿಯ ದುಪಟ್ಟಾವನ್ನು ಬಿಗಿಯಾಗಿ ಸುತ್ತಿ ಪಿನ್ ಹಾಕಿಕೊಳ್ಳಬೇಕು. ನೈಲಾನ್, ಸಿಂಥೆಟಿಕ್ ಬಟ್ಟೆ ಬಿಸಿಗೆ ಕರಗಿ ಮೈಗೆ ಅಂಟುತ್ತದೆ. ತೂಗಾಡುವ ಅಂಚು ಎಲ್ಲೂ ಇರಬಾರದು.

6. ಇಳಿಯುವಾಗ ಮೊಣಕಾಲು ಸ್ವಲ್ಪ ಬಗ್ಗಿಸಿ, ಸಾಗುವ ದಿಕ್ಕಿಗೆ ಬೆನ್ನು ಮಾಡಿ, ಹಿಡಿಕೆ ಹಿಡಿದಿರಬೇಕು. ಚಾಲಕ ಹೇಳುವವರೆಗೆ ಯಾರೂ ಬುಟ್ಟಿ ಬಿಡಬಾರದು. ಹೊರಡುವ ಮೊದಲು ಈ ಮಾತುಗಳನ್ನು ವಿವರಿಸದ ಚಾಲಕನ ಬಲೂನನ್ನು ಹತ್ತದಿರುವುದೇ ಮೇಲು.

7. ಚಾಲಕನಿಗೆ ಲೈಸೆನ್ಸ್, ಬಲೂನಿಗೆ ನೋಂದಣಿ ಇದೆಯೇ ಎಂದು ಕೇಳುವುದು ನಮ್ಮ ಹಕ್ಕು. ನಮ್ಮಲ್ಲಿ ಇದನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ನೋಡಿಕೊಳ್ಳುತ್ತದೆ. ಗಾಳಿಯ ಕಾರಣದಿಂದ ಹಾರಾಟ ರದ್ದಾದರೆ ಜಗಳವಾಡಬಾರದು. ಹಾರುವುದಿಲ್ಲ ಎಂದು ಹೇಳಬಲ್ಲ ಚಾಲಕನೇ ನಂಬತಕ್ಕವನು.

ಒಂಟೆಯನ್ನು ಕಟ್ಟುವುದು

ಇಷ್ಟೆಲ್ಲ ಓದಿದವರು ಬಲೂನೇ ಬೇಡ ಎನ್ನಬಹುದು. ನನ್ನ ಅಭಿಪ್ರಾಯ ಅದಲ್ಲ. ನಿಯಮ ಪಾಲಿಸಿ ನಡೆಸಿದ ಅಸಂಖ್ಯ ಹಾರಾಟಗಳು ಪ್ರತಿವರ್ಷ ಸುಖವಾಗಿ ಮುಗಿಯುತ್ತವೆ. ಅಲ್ಲಾಹನು ಸೃಷ್ಟಿಸಿದ ಭೂಮಿಯನ್ನು ಬೆಳಗಿನ ಬೆಳಕಿನಲ್ಲಿ ಮೇಲಿನಿಂದ ನೋಡುವುದು ಒಂದು ಭಾಗ್ಯವೇ. ಇನ್ನು ಕೆಲವರು, ಆಗುವುದು ಆಗಿಯೇ ಆಗುತ್ತದೆ, ಎಲ್ಲ ಅವನ ಇಚ್ಛೆ, ಇಷ್ಟು ಲೆಕ್ಕಾಚಾರ ಏಕೆ ಎನ್ನುತ್ತಾರೆ. ಒಂಟೆಯನ್ನು ಕಟ್ಟದೆ ಅಲ್ಲಾಹನ ಮೇಲೆ ಭರವಸೆಯಿಟ್ಟು ಬಿಟ್ಟುಬರಲೇ ಎಂದು ಕೇಳಿದವನಿಗೆ, ಮೊದಲು ಅದನ್ನು ಕಟ್ಟಿ ನಂತರ ಭರವಸೆಯಿಡುವಂತೆ ಪ್ರವಾದಿ ಮುಹಮ್ಮದ್ (ಸ) ತಿಳಿಸಿದ ಪ್ರಸಂಗ ನಮಗೆಲ್ಲ ಗೊತ್ತು. ತವಕ್ಕುಲ್ ಎಂಬುದು ಎಚ್ಚರಿಕೆಯ ಬದಲಿಗೆ ಇರುವುದಲ್ಲ, ಎಚ್ಚರಿಕೆಯ ನಂತರ ಬರುವುದು. ಹಾಗೆಯೇ ಒಂಟೆಯನ್ನು ಎಲ್ಲಿ, ಹೇಗೆ ಕಟ್ಟಬೇಕೆಂಬ ತಿಳಿವೂ ಬೇಕು. ಬೀಸುವ ಗಾಳಿಯಲ್ಲಿ ಬಲೂನಿಗೆ ಕಟ್ಟಿದ ಹಗ್ಗ ಒಂಟೆಗೆ ಕಟ್ಟಿದ ಹಗ್ಗದಂತಲ್ಲ.

ನಮ್ಮ ಜೀವ ನಮ್ಮದಲ್ಲ, ಅದು ಅಮಾನತ್. ಶಾಲೆಗೆ ಬರುವ ಪ್ರತಿ ಮಗುವೂ ತಂದೆತಾಯಿಗಳು ನಮ್ಮ ಕೈಗಿಟ್ಟ ಅಮಾನತ್. ದೊರೆಗೆ ಕೈದಿಗಳ ಜೀವ ಅಗ್ಗವಾಗಿ ಕಂಡಿತು, ನವಾಬರಿಗೆ ಇಪ್ಪತ್ತು ಜನರ ಜೀವ ಚಿಂತೆಗೂ ಯೋಗ್ಯವೆನಿಸಲಿಲ್ಲ. ಮಕ್ಕಳ ಪ್ರವಾಸಕ್ಕೆ ಬಸ್ಸು ಗೊತ್ತುಮಾಡುವಾಗ, ಕೆರೆಯಲ್ಲಿ ದೋಣಿ ಹತ್ತಿಸುವಾಗ, ಜಾತ್ರೆಯ ತೊಟ್ಟಿಲಲ್ಲಿ ಕೂರಿಸುವಾಗ ನಾವೂ ಹಾಗೆ ಆಗುತ್ತಿದ್ದೇವೆಯೇ ಎಂದು ಕೇಳಿಕೊಳ್ಳಬೇಕು.

ಅಂದು ಪ್ರಶ್ನೆ ಕೇಳಿದ ವಿದ್ಯಾರ್ಥಿನಿ ಶಾಲೆ ಮುಗಿಸಿ ಹೋಗಿದ್ದಾಳೆ. ಈ ಸಂಚಿಕೆ ಅವಳ ಕೈಗೆ ಸಿಕ್ಕರೆ ಎರಡು ಮಾತು ಹೇಳಬಯಸುತ್ತೇನೆ. ಮಗಳೇ, ಆ ದಿನ ನಾನು ‘ಬೇಡ’ ಎಂದದ್ದು ಸರಿಯಾಗಿತ್ತು, ಅದನ್ನು ಹೇಳಿದ ರೀತಿ ತಪ್ಪಾಗಿತ್ತು. ಹಗ್ಗ ಕಟ್ಟಿದ್ದರಿಂದಲೇ ಅಪಾಯವಿತ್ತು ಎಂಬುದು ನಿನ್ನ ಪ್ರಶ್ನೆಗೆ ನನ್ನ ಉತ್ತರ. ತಡವಾದುದಕ್ಕೆ ಕ್ಷಮೆಯಿರಲಿ.